ಹಳಿಯ ವರ್ತುಲ ಮತ್ತು ಒಳನಾಡು: ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶದ ರೈಲು ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗವನ್ನು ಪ್ರಾಚೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಹೆಸರಿಸಿವೆ. ಇತಿಹಾಸಕಾರರಿಗೆ ಇದು ರಾಯಚೂರು ದೋಆಬ್. ಮಸ್ಕಿಯ ಅಶೋಕ ಶಾಸನ, ಮುದಗಲ್ಲು ಮತ್ತು ರಾಯಚೂರಿನ ಕೋಟೆಗಳು, 1520ರ ರಾಯಚೂರು ಯುದ್ಧ ಇವುಗಳ ಮೂಲಕ ಈ ಪ್ರದೇಶವು ರಾಜಕೀಯ ಚರಿತ್ರೆಯಲ್ಲಿ ಸಾಕಷ್ಟು ಚರ್ಚಿತವಾಗಿದೆ. ಆದರೆ ಹತ್ತೊಂಬತ್ತನೆಯ ಶತಮಾನದ ನಂತರದ ಚರಿತ್ರೆ, ಅದರಲ್ಲೂ ಸಾರಿಗೆಯ ಚರಿತ್ರೆ, ಅಷ್ಟು ಗಮನ ಸೆಳೆದಿಲ್ಲ. ದೋಆಬಿನ ಪೂರ್ವದ ಅಂಚಿನಲ್ಲಿರುವ ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಅದರಿಂದ ಸುಮಾರು 90 ಕಿ.ಮೀ. ದೂರದ ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರ ಮಾರ್ಚ್ ತಿಂಗಳಲ್ಲಿ. ಈ ಎರಡು ಘಟನೆಗಳ ನಡುವೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಅಂತರವಿದೆ. ಈ ಅಂತರವನ್ನು ಕೇವಲ ವಿಳಂಬವೆಂದು ಭಾವಿಸದೆ, ಅದು ಹೇಗೆ ರೂಪುಗೊಂಡಿತು ಮತ್ತು ಒಳನಾಡಿನ ಊರುಗಳ ಸ್ಥಾನಮಾನವನ್ನು ಹೇಗೆ ನಿರ್ಧರಿಸಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪೂರ್ವದ ಅಂಚು: ಎರಡು ಕಂಪನಿಗಳ ಸಂಗಮ

ಮುಂಬಯಿಯಿಂದ ಆಗ್ನೇಯಕ್ಕೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗವು 1860ರಲ್ಲಿ ಸೊಲ್ಲಾಪುರವನ್ನು ತಲುಪಿತು. ಪುಣೆ ಮತ್ತು ಮುಂಬಯಿಗಳ ನಡುವಿನ ಭೋರ್ ಘಾಟದ ಕೆಲಸ ಮುಗಿದದ್ದು 1863ರಲ್ಲಿ. ಅಲ್ಲಿಂದ ಮುಂದಕ್ಕೆ ಕಲಬುರಗಿ, ವಾಡಿಗಳ ಮೂಲಕ ಸಾಗಿ, ಕೃಷ್ಣಾ ನದಿಗೆ ಸೇತುವೆ ಕಟ್ಟಿ, ಮಾರ್ಗವು ರಾಯಚೂರಿಗೆ ಬಂದಿತು. ಮದರಾಸಿನ ಕಡೆಯಿಂದ ಅರಕ್ಕೋಣಂ, ಕಡಪ, ಗುಂತಕಲ್ಲು, ಆದವಾನಿಗಳ ಮೂಲಕ ಬಂದ ಮದರಾಸು ರೈಲ್ವೆಯು ತುಂಗಭದ್ರೆಯನ್ನು ದಾಟಿ ಅದೇ ರಾಯಚೂರನ್ನು ತಲುಪಿತು. 1871ರಲ್ಲಿ ಎರಡೂ ಮಾರ್ಗಗಳು ಇಲ್ಲಿ ಕೂಡಿದವು. ಮುಂಬಯಿ ಮತ್ತು ಮದರಾಸು ಪ್ರಾಂತಗಳ ರಾಜಧಾನಿಗಳ ನಡುವೆ ನೇರ ಸಂಪರ್ಕ ಏರ್ಪಟ್ಟಿತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಮಾರ್ಗದ ಗುರಿ ರಾಯಚೂರು ಆಗಿರಲಿಲ್ಲ, ದೋಆಬಂತೂ ಅಲ್ಲವೇ ಅಲ್ಲ. ಎರಡು ಬಂದರುಗಳನ್ನು ಜೋಡಿಸುವುದು ಅದರ ಗುರಿ. ಪಶ್ಚಿಮದಲ್ಲಿ ಅಗಲವಾಗಿರುವ ದೋಆಬು ಪೂರ್ವಕ್ಕೆ ಹೋದಂತೆ ಕಿರಿದಾಗುತ್ತದೆ. ಎರಡು ನದಿಗಳೂ ಪರಸ್ಪರ ಹತ್ತಿರ ಬರುತ್ತವೆ. ಹಳಿಯು ದೋಆಬನ್ನು ದಾಟಿದ್ದು ಈ ಕಿರಿದಾದ ಭಾಗದಲ್ಲಿ. ಉತ್ತರದ ಹೊಳೆಯ ಬಳಿಯ ನಿಲ್ದಾಣಕ್ಕೆ ‘ಕೃಷ್ಣಾ’ ಎಂದೇ ಹೆಸರು. ದಕ್ಷಿಣದ ಹೊಳೆಯನ್ನು ದಾಟಿದ ಮೇಲೆ ಸಿಗುವ ನಿಲ್ದಾಣಕ್ಕೆ ‘ಮಂತ್ರಾಲಯ ರೋಡ್’ ಎಂದು ಹೆಸರು. ‘ರೋಡ್’ ಎಂಬ ಪ್ರತ್ಯಯ ಹೊತ್ತ ನಿಲ್ದಾಣವೆಂದರೆ, ಯಾತ್ರಿಕನು ಹೋಗಬೇಕಾದ ಊರು ಅಲ್ಲಿಲ್ಲ, ಅಲ್ಲಿಂದ ರಸ್ತೆ ಹಿಡಿಯಬೇಕು ಎಂದರ್ಥ. ಈ ಅರ್ಥದಲ್ಲಿ ನೋಡಿದರೆ ರಾಯಚೂರು ನಿಲ್ದಾಣವು ಸಿಂಧನೂರಿಗೂ ಲಿಂಗಸುಗೂರಿಗೂ ದೀರ್ಘಕಾಲ ಒಂದು ‘ರೋಡ್’ ನಿಲ್ದಾಣವೇ ಆಗಿತ್ತು.

2. ದಕ್ಷಿಣ ಮತ್ತು ಪಶ್ಚಿಮದ ಅಂಚು: ಬರ ಹಾಗೂ ಮೀಟರ್ ಗೇಜ್

1876–78ರ ಮಹಾಕ್ಷಾಮವು ಬಳ್ಳಾರಿ, ಧಾರವಾಡ, ವಿಜಾಪುರ ಹಾಗೂ ರಾಯಚೂರು ಸೀಮೆಗಳನ್ನು ತೀವ್ರವಾಗಿ ಬಾಧಿಸಿತು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸುವ ದಾರಿ ಇಲ್ಲದಿದ್ದುದು ಸಾವಿನ ಪ್ರಮಾಣವನ್ನು ಹೆಚ್ಚಿಸಿತೆಂಬ ಅಭಿಪ್ರಾಯ ಆಡಳಿತ ವಲಯದಲ್ಲಿ ಬಲಗೊಂಡಿತು. ಬರನಿವಾರಕ ರೈಲುಗಳ ಕಲ್ಪನೆ ಮುನ್ನೆಲೆಗೆ ಬಂದದ್ದು ಆಗ. 1882ರಲ್ಲಿ ರಚನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಈ ಹಿನ್ನೆಲೆಯಲ್ಲಿ ಕನ್ನಡ ನಾಡಿನ ನಡುಭಾಗದಲ್ಲಿ ಮೀಟರ್ ಗೇಜ್ ಹಳಿಗಳನ್ನು ಹಾಕಿತು. ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳ ಮೂಲಕ ಗುಂತಕಲ್ಲಿಗೆ ಒಂದು ಮಾರ್ಗ. ಗದಗದಿಂದ ಬಾಗಲಕೋಟೆ, ವಿಜಾಪುರಗಳ ಮೂಲಕ ಸೊಲ್ಲಾಪುರದ ಬಳಿಯ ಹೋಟಗಿಗೆ ಇನ್ನೊಂದು ಮಾರ್ಗ.

1890ರ ಹೊತ್ತಿಗೆ ಈ ಎಲ್ಲ ಮಾರ್ಗಗಳು ಸೇರಿ ಒಂದು ವರ್ತುಲ ಪೂರ್ಣವಾಗಿತ್ತು. ಗದಗ, ಹೋಟಗಿ, ವಾಡಿ, ರಾಯಚೂರು, ಗುಂತಕಲ್ಲು, ಹೊಸಪೇಟೆ, ಮರಳಿ ಗದಗ: ಇದು ಆ ವರ್ತುಲದ ಸುತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ಲು, ಕುಷ್ಟಗಿ, ಗಂಗಾವತಿ, ಸುರಪುರ, ಶಹಾಪುರ ಇವೆಲ್ಲವೂ ವರ್ತುಲದ ಒಳಗಿನ ಊರುಗಳು. ಒಳಗೆ ಒಂದೇ ಒಂದು ಅಡ್ಡಹಳಿಯೂ ಇರಲಿಲ್ಲ.

ವರ್ತುಲವಿದ್ದರೂ ಅದು ಏಕರೂಪದ್ದಾಗಿರಲಿಲ್ಲ. ವಾಡಿ–ರಾಯಚೂರು–ಗುಂತಕಲ್ಲು ಭಾಗ 1676 ಮಿ.ಮೀ. ಅಗಲದ ಬ್ರಾಡ್ ಗೇಜ್. ಗದಗ–ಗುಂತಕಲ್ಲು ಮತ್ತು ಗದಗ–ಹೋಟಗಿ ಭಾಗಗಳು 1000 ಮಿ.ಮೀ. ಅಗಲದ ಮೀಟರ್ ಗೇಜ್. ಒಂದರ ಬಂಡಿ ಇನ್ನೊಂದರ ಹಳಿಯ ಮೇಲೆ ಓಡುವುದಿಲ್ಲ. ಹೀಗಾಗಿ ರಾಯಚೂರಿನಿಂದ ಹೊಸಪೇಟೆಗೆ ರೈಲಿನಲ್ಲಿ ಸರಕು ಕಳಿಸಬೇಕಾದರೆ ಮೊದಲು ದಕ್ಷಿಣಕ್ಕೆ ಗುಂತಕಲ್ಲಿಗೆ ಹೋಗಿ, ಅಲ್ಲಿ ಮೂಟೆಗಳನ್ನು ಇಳಿಸಿ, ಬೇರೆ ಡಬ್ಬಿಗಳಿಗೆ ಏರಿಸಿ, ಪಶ್ಚಿಮಕ್ಕೆ ತಿರುಗಿ ಬಳ್ಳಾರಿಯ ಮೂಲಕ ಸಾಗಬೇಕಿತ್ತು. ದೋಆಬಿನ ನಡುವೆ ನೇರವಾಗಿ ಹಾಯ್ದುಹೋಗಬಹುದಾಗಿದ್ದ ದಾರಿಯು ಹೀಗೆ ತ್ರಿಕೋನದ ಎರಡು ಬಾಹುಗಳನ್ನು ಸುತ್ತುವ ದಾರಿಯಾಯಿತು. ಹೊಸಪೇಟೆಯ ಕಡೆಯ ಮೀಟರ್ ಗೇಜ್ ಹಳಿಗಳು ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಅಂದರೆ ಒಂದು ಶತಮಾನದಷ್ಟು ಕಾಲ ವರ್ತುಲದ ಎರಡು ಅಂಚುಗಳು ಬೇರೆಬೇರೆ ಅಳತೆಯಲ್ಲಿಯೇ ಉಳಿದವು.

3. ನಿಜಾಮ ಪ್ರಭುತ್ವದ ದಿಕ್ಕು

ರಾಯಚೂರು ದೋಆಬನ್ನು ನಿಜಾಮನು 1853ರ ಒಪ್ಪಂದದಂತೆ ಬ್ರಿಟಿಷರ ವಶಕ್ಕೆ ಬಿಟ್ಟುಕೊಟ್ಟಿದ್ದನು. 1860ರಲ್ಲಿ ಅದು ಮರಳಿ ಹೈದರಾಬಾದು ಸಂಸ್ಥಾನಕ್ಕೆ ಸೇರಿತು. ಆದ್ದರಿಂದ ಒಳನಾಡಿಗೆ ರೈಲು ತರುವ ಹೊಣೆ ಯಾರದಾಗಿತ್ತೆಂಬ ಪ್ರಶ್ನೆಗೆ ಉತ್ತರವನ್ನು ಸಂಸ್ಥಾನದ ರೈಲು ನೀತಿಯಲ್ಲಿ ಹುಡುಕಬೇಕಾಗುತ್ತದೆ.

ಸಂಸ್ಥಾನದ ಮೊದಲ ರೈಲು ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಆರಂಭವಾಯಿತು. ಮುಂದೆ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆಯು ಪೂರ್ವಕ್ಕೆ ವರಂಗಲ್ಲಿನ ಕಡೆಯಿಂದ ಬೆಜವಾಡದವರೆಗೂ, ವಾಯವ್ಯಕ್ಕೆ ಗೋದಾವರಿ ಕಣಿವೆಯ ಮೂಲಕ ಮನಮಾಡದವರೆಗೂ ಬೆಳೆಯಿತು. ಕಲ್ಲಿದ್ದಲು, ಹತ್ತಿ, ಬಂದರಿನ ಸಂಪರ್ಕ ಇವು ಈ ವಿಸ್ತರಣೆಯ ಪ್ರೇರಣೆಗಳು. ತೆಲಂಗಾಣ ಮತ್ತು ಮರಾಠವಾಡ ಭಾಗಗಳಿಗೆ ಹೋಲಿಸಿದರೆ ಸಂಸ್ಥಾನದ ಕನ್ನಡ ಜಿಲ್ಲೆಗಳಿಗೆ ಸಂಸ್ಥಾನದ್ದೇ ಆದ ರೈಲು ಬಂದದ್ದು ಕಡಿಮೆ. ವಾಡಿಯ ಕಡೆಯ ತುದಿಯನ್ನೂ, 1930ರ ಸುಮಾರಿಗೆ ಬೀದರನ್ನು ಮುಟ್ಟಿದ ವಿಕಾರಾಬಾದ್–ಪರಳಿ ಮಾರ್ಗವನ್ನೂ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಎಲ್ಲ ಮಾರ್ಗಗಳೂ ಹೈದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ಹೊರಟವು. ಸಿಂಧನೂರು, ಲಿಂಗಸುಗೂರುಗಳು ಆ ಕೇಂದ್ರದ ದೃಷ್ಟಿಯಲ್ಲಿ ನೈರುತ್ಯದ ಕಟ್ಟಕಡೆಯ ಗಡಿ.

ಇನ್ನೊಂದು ಸಂಗತಿಯೂ ಇಲ್ಲಿ ಮುಖ್ಯ. ಸಂಸ್ಥಾನದ ನೆಲದ ಮೂಲಕ ಹಾಯ್ದ ಬ್ರಿಟಿಷ್ ಕಂಪನಿಗಳ ಹಳಿ ಹಾಗೂ ನಿಲ್ದಾಣಗಳ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ನಿಜಾಮನು ಬ್ರಿಟಿಷ್ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದನು. ರಾಯಚೂರಿನ ಊರು ಸಂಸ್ಥಾನದ್ದು, ಅದರ ನಿಲ್ದಾಣದ ನೆಲದ ಅಧಿಕಾರ ಬೇರೆಯವರದು. ಹಳಿಯು ಒಳನಾಡಿನಿಂದ ಭೌಗೋಳಿಕವಾಗಿ ಮಾತ್ರವಲ್ಲದೆ ಆಡಳಿತಾತ್ಮಕವಾಗಿಯೂ ಪ್ರತ್ಯೇಕವಾಗಿತ್ತು.

4. ಲಿಂಗಸುಗೂರು: ಜಿಲ್ಲಾ ಕೇಂದ್ರದಿಂದ ತಾಲ್ಲೂಕು ಕೇಂದ್ರಕ್ಕೆ

ಈ ವರ್ತುಲದ ಪರಿಣಾಮವನ್ನು ಸ್ಪಷ್ಟವಾಗಿ ಕಾಣಬಹುದಾದ ಊರು ಲಿಂಗಸುಗೂರು. ಹೈದರಾಬಾದು ಕಂಟಿಂಜೆಂಟ್ ಪಡೆಯ ಛಾವಣಿ ಇದ್ದ ಈ ಊರು ಸಂಸ್ಥಾನದ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಲಿಂಗಸುಗೂರು ಜಿಲ್ಲೆಯಲ್ಲಿ ಸಿಂಧನೂರು, ಕುಷ್ಟಗಿ, ಗಂಗಾವತಿ, ಸುರಪುರ, ಶಹಾಪುರ ತಾಲ್ಲೂಕುಗಳಿದ್ದವು. ಮೇಲೆ ಹೇಳಿದ ರೈಲು ವರ್ತುಲದ ಒಳಭಾಗಕ್ಕೂ ಈ ಜಿಲ್ಲೆಗೂ ಬಹುಮಟ್ಟಿಗೆ ಒಂದೇ ಎಲ್ಲೆ ಎಂಬುದು ಗಮನಾರ್ಹ.

1905ರಲ್ಲಿ ಸಂಸ್ಥಾನದ ಜಿಲ್ಲೆಗಳನ್ನು ಪುನರ್ರಚಿಸಿದಾಗ ಲಿಂಗಸುಗೂರು ಜಿಲ್ಲೆ ರದ್ದಾಯಿತು. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ ತಾಲ್ಲೂಕುಗಳು ರಾಯಚೂರು ಜಿಲ್ಲೆಗೂ, ಸುರಪುರ, ಶಹಾಪುರ ತಾಲ್ಲೂಕುಗಳು ಕಲಬುರಗಿ ಜಿಲ್ಲೆಗೂ ಸೇರಿದವು. ಹೊಸ ಜಿಲ್ಲಾ ಕೇಂದ್ರಗಳೆರಡೂ ರೈಲು ನಿಲ್ದಾಣವಿದ್ದ ಊರುಗಳು. ಕೇಂದ್ರಸ್ಥಾನವನ್ನು ಕಳೆದುಕೊಂಡದ್ದು ನಿಲ್ದಾಣವಿಲ್ಲದ ಊರು. ಆಡಳಿತದ ಈ ಬದಲಾವಣೆಗೆ ರೈಲೊಂದೇ ಕಾರಣವೆಂದು ಹೇಳಲಾಗದು. ಸಂಸ್ಥಾನದಾದ್ಯಂತ ನಡೆದ ಪುನರ್ರಚನೆಯ ಭಾಗ ಅದು. ಆದರೂ ತಂತಿ, ಟಪಾಲು, ಖಜಾನೆ, ಪೇಟೆ ಇವೆಲ್ಲವೂ ಹಳಿಯ ಬಳಿಗೆ ಸರಿಯುತ್ತಿದ್ದ ಕಾಲದಲ್ಲಿ ಅವ್ವಲ್ ತಾಲ್ಲೂಕ್‌ದಾರರ ಕಚೇರಿ ಹಳಿಯಿಂದ ದೂರ ಉಳಿಯುವುದು ಕಷ್ಟವಾಗಿತ್ತು. ಮುಂಗಾರಿನಲ್ಲಿ ಎರೆನೆಲದ ದಾರಿಗಳಲ್ಲಿ ಎತ್ತಿನ ಬಂಡಿಯ ಗಾಲಿ ಹೂತುಹೋಗುವ ಈ ಸೀಮೆಯಲ್ಲಿ, ಕಚೇರಿಗೆ ಹೋಗಬೇಕಾದ ಒಳನಾಡಿನ ರೈತನ ದಾರಿ 1905ರ ನಂತರ ಇನ್ನಷ್ಟು ದೂರವಾಯಿತು. ಅಧಿಕಾರವು ಪ್ರಜೆಗಳಿಗೆ ಹತ್ತಿರವಿರುವುದಕ್ಕಿಂತ ಹಳಿಗೆ ಹತ್ತಿರವಿರುವುದು ಅನುಕೂಲಕರವೆನಿಸಿದ ಕಾಲವದು.

5. ಹಟ್ಟಿಯ ಚಿನ್ನ, ಮಸ್ಕಿಯ ಶಾಸನ

ಹಳಿಯನ್ನು ಒಳನಾಡಿಗೆ ಎಳೆದು ತರಬಲ್ಲ ಸಂಪತ್ತು ಇಲ್ಲಿ ಇರಲಿಲ್ಲವೇ ಎಂಬ ಪ್ರಶ್ನೆ ಸಹಜ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನವಿತ್ತು. ಪ್ರಾಚೀನರು ತೋಡಿದ ಆಳವಾದ ಗಣಿಗುಂಡಿಗಳು ಅಲ್ಲಿದ್ದವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1902ರಿಂದ 1920ರವರೆಗೆ, ಯಂತ್ರಗಳ ಸಹಾಯದಿಂದ ಗಣಿಗಾರಿಕೆ ನಡೆಯಿತು. ಅನಂತರ ನಿಂತುಹೋದ ಕೆಲಸವು 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾದ ಮೇಲೆ ಪುನರಾರಂಭವಾಯಿತು.

ಕೋಲಾರದ ಚಿನ್ನದ ಗಣಿಗಳೊಂದಿಗೆ ಹೋಲಿಸಿದಾಗ ವ್ಯತ್ಯಾಸ ಎದ್ದುಕಾಣುತ್ತದೆ. ಮೈಸೂರು ಸಂಸ್ಥಾನದ ಆ ಗಣಿಗಳಿಗೆ ಇಂದಿನ ಬಂಗಾರಪೇಟೆಯಿಂದ 1894ರಲ್ಲಿಯೇ ರೈಲಿನ ಕವಲುಮಾರ್ಗ ದೊರೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಿನ್ನವೇನೋ ಭಾರದ ಸರಕಲ್ಲ; ಅದನ್ನು ಹೊರಗೆ ಒಯ್ಯಲು ರೈಲು ಬೇಕಿಲ್ಲ. ಆದರೆ ಗಣಿಗೆ ಬೇಕಾದ ಬಾಯ್ಲರು, ಅರೆಯುವ ಯಂತ್ರ, ಕಲ್ಲಿದ್ದಲು, ಆಸರೆಗೆ ನಿಲ್ಲಿಸುವ ಮರ ಇವೆಲ್ಲ ಭಾರದ ಸರಕುಗಳು. ಕೋಲಾರದಲ್ಲಿ ಇವು ಗಣಿಯ ಬಾಗಿಲಿನವರೆಗೆ ಹಳಿಯ ಮೇಲೆ ಬಂದವು. ಹಟ್ಟಿಗೆ ಅವು ದೂರದ ನಿಲ್ದಾಣದಿಂದ ನೆಲದ ದಾರಿಯಲ್ಲಿ ಬರಬೇಕಿತ್ತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ಹಟ್ಟಿಯು ದೇಶದ ಪ್ರಮುಖ ಚಿನ್ನದ ಗಣಿಯಾಯಿತು. ಆಗಲೂ ಅದಕ್ಕೆ ಹಳಿಯ ಸಂಪರ್ಕವಿರಲಿಲ್ಲ.

ಮಸ್ಕಿಯ ಕಥೆಯೂ ಇದೇ ಚಿನ್ನದ ಹುಡುಕಾಟಕ್ಕೆ ತಗುಲಿಕೊಂಡಿದೆ. 1915ರಲ್ಲಿ ಅಲ್ಲಿನ ಅಶೋಕನ ಕಿರು ಬಂಡೆಶಾಸನವನ್ನು ಗುರುತಿಸಿದವರು ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್. ಅನಂತರ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿ ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರನ್ನೇ ಹೊತ್ತ ಶಾಸನ ಮೊದಲು ದೊರೆತದ್ದು ಇಲ್ಲಿ. ಭಾರತದ ಚರಿತ್ರೆಯ ದೊಡ್ಡ ಸಮಸ್ಯೆಯೊಂದನ್ನು ಬಗೆಹರಿಸಿದ ಈ ಊರಿಗೆ ಬರಬೇಕಾದ ವಿದ್ವಾಂಸನು, ಹೆಚ್ಚುಕಡಿಮೆ ಒಂದು ಶತಮಾನದ ಕಾಲ, ರಾಯಚೂರಿನಲ್ಲೋ ಹೊಸಪೇಟೆಯಲ್ಲೋ ರೈಲಿನಿಂದ ಇಳಿದು ರಸ್ತೆಯಲ್ಲಿಯೇ ಬರಬೇಕಾಗಿತ್ತು. ಸಂಚಾರದ ಹಾದಿಯಲ್ಲಿದ್ದ ಹಂಪಿ, ವಿಜಾಪುರಗಳಿಗೆ ದೊರೆತ ಮನ್ನಣೆ ಮಸ್ಕಿಗೆ ದೊರೆಯದಿರಲು ಇದೂ ಒಂದು ಕಾರಣವಿರಬಹುದು.

6. ಸಿಂಧನೂರು: ಕಾಲುವೆ ಬಂದಿತು, ಹಳಿ ಬರಲಿಲ್ಲ

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ತಾಲ್ಲೂಕುಗಳ ಸ್ವರೂಪವನ್ನೇ ಬದಲಿಸಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಮಳೆಯಾಶ್ರಿತ ಎರೆಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದ ರೈತರು ಭೂಮಿ ಕೊಂಡು ನೆಲೆಸಿದರು. ಅವರ ವಸತಿಗಳು ‘ಕ್ಯಾಂಪು’ಗಳೆಂದು ಹೆಸರಾದವು. ಬಂಗಾಳಿ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಸಿಂಧನೂರಿನ ಸುತ್ತ ಏರ್ಪಟ್ಟವು. ಸಿಂಧನೂರು, ಕಾರಟಗಿ, ಗಂಗಾವತಿಗಳಲ್ಲಿ ಅಕ್ಕಿ ಗಿರಣಿಗಳು ಸಾಲಾಗಿ ತಲೆಯೆತ್ತಿದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಒಳನಾಡಿನಿಂದ ಹೊರಗೆ ಹೋಗುವ ಸರಕು ಕಡಿಮೆ ಎಂಬ ವಾದಕ್ಕೆ ಸ್ವಲ್ಪವಾದರೂ ಆಧಾರವಿದ್ದಿರಬಹುದು. 1953ರ ನಂತರ ಆ ವಾದ ನಿಲ್ಲುವುದಿಲ್ಲ. ಭತ್ತ, ಅಕ್ಕಿ, ತೌಡು, ಗೊಬ್ಬರ ಇವು ರೈಲಿಗೆ ಹೇಳಿ ಮಾಡಿಸಿದ ಸರಕುಗಳು: ತೂಕ ಹೆಚ್ಚು, ಬೆಲೆ ಕಡಿಮೆ, ಸಾಗುವ ದೂರ ದೊಡ್ಡದು. ಆದರೂ ಈ ಸಮಸ್ತ ವಹಿವಾಟು ಲಾರಿಗಳ ಮೇಲೆ ಬೆಳೆಯಿತು. ಸಾಗಾಣಿಕೆಯ ವೆಚ್ಚ ಎಷ್ಟೇ ಇರಲಿ, ಅದರ ಕೊನೆಯ ಹೊರೆ ಬೀಳುವುದು ಬೆಳೆಗಾರನಿಗೆ ದೊರೆಯುವ ಬೆಲೆಯ ಮೇಲೆ ಎಂಬುದು ಅರ್ಥಶಾಸ್ತ್ರದ ಸಾಮಾನ್ಯ ಸಂಗತಿ. ಬ್ರಾಡ್ ಗೇಜ್ ಹಳಿಯ ಮೇಲಿದ್ದ ರಾಯಚೂರಿನ ಬಳಿ, ಶಕ್ತಿನಗರದಲ್ಲಿ, 1985ರಿಂದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಕೆಲಸ ಮಾಡತೊಡಗಿತು. ಅದರ ಕಲ್ಲಿದ್ದಲು ಬರುವುದು ರೈಲಿನಲ್ಲಿ. ಒಂದೇ ಜಿಲ್ಲೆಯ ಒಂದು ತುದಿಯ ಕೈಗಾರಿಕೆ ಹಳಿಯನ್ನು ಅವಲಂಬಿಸಿ ಬೆಳೆದರೆ, ಇನ್ನೊಂದು ತುದಿಯ ಕೃಷಿ ಹಳಿಯಿಲ್ಲದೆ ಬೆಳೆಯಿತು.

7. ಏಕೀಕರಣದ ನಂತರ

1956ರಲ್ಲಿ ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಭಾಷೆಯ ಆಧಾರದ ಮೇಲೆ ರಾಜ್ಯದ ಎಲ್ಲೆ ಬದಲಾಯಿತು. ರೈಲ್ವೆಯ ವಲಯಗಳ ಎಲ್ಲೆಗಳಿಗೆ ಆ ಆಧಾರವಿರಲಿಲ್ಲ. 1966ರಲ್ಲಿ ಸಿಕಂದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ದಕ್ಷಿಣ ಮಧ್ಯ ರೈಲ್ವೆ ರಚನೆಯಾಯಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಆರಂಭವಾದಾಗ ಕೊಪ್ಪಳ, ಹೊಸಪೇಟೆಗಳು ಅದಕ್ಕೆ ಸೇರಿದವು. ರಾಯಚೂರು ಮಾತ್ರ ದಕ್ಷಿಣ ಮಧ್ಯ ರೈಲ್ವೆಯ ಗುಂತಕಲ್ಲು ವಿಭಾಗದಲ್ಲಿಯೇ ಉಳಿಯಿತು. ಹಿಂದೆ ಎರಡು ಕಂಪನಿಗಳ ನಡುವೆ ಹಂಚಿಹೋಗಿದ್ದ ದೋಆಬು ಈಗ ಎರಡು ವಲಯಗಳ ನಡುವೆ ಹಂಚಿಹೋಯಿತು. ಹಳೆಯ ವರ್ತುಲದ ಗೆರೆ ಹೊಸ ನಕಾಶೆಯಲ್ಲಿಯೂ ಅಳಿಸಲಿಲ್ಲ.

ವರ್ತುಲವನ್ನು ಸೀಳುವ ಮೊದಲ ಯೋಜನೆಗೆ ಮಂಜೂರಾತಿ ದೊರೆತದ್ದು 1997–98ರಲ್ಲಿ. ಸುಮಾರು 244 ಕಿ.ಮೀ. ಉದ್ದದ ಮುನಿರಾಬಾದ್–ಮಹಬೂಬನಗರ ಮಾರ್ಗವು ಕೊಪ್ಪಳದ ಬಳಿಯ ಗಿಣಿಗೇರಾದಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರುಗಳ ಮೂಲಕ ರಾಯಚೂರನ್ನು ಸೇರುವಂತೆ ರೂಪುಗೊಂಡಿತು. 2019ರಲ್ಲಿ ಗಂಗಾವತಿಗೆ ರೈಲು ಬಂದಿತು. ಕಾರಟಗಿಯನ್ನು ದಾಟಿ 2024ರ ಮಾರ್ಚ್‌ನಲ್ಲಿ ಸಿಂಧನೂರನ್ನು ತಲುಪಿತು. ಮತ್ತೊಂದು ತುದಿಯಲ್ಲಿ, ತೆಲಂಗಾಣದ ಜಕ್ಲೇರ್‌ನಿಂದ ಕೃಷ್ಣಾ ನಿಲ್ದಾಣದವರೆಗಿನ ಹೊಸ ಹಳಿ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾಗಿ, 1871ರ ಹಳೆಯ ಮಾರ್ಗವನ್ನು ಕೂಡಿಕೊಂಡಿತು. ಸಿಂಧನೂರಿಗೆ ಮೊದಲ ರೈಲು ಬಂದಾಗ ಅಲ್ಲಿಂದ ರಾಯಚೂರಿನವರೆಗಿನ ಭಾಗ ಇನ್ನೂ ಆಗಬೇಕಾಗಿತ್ತು. ಪರಿಣಾಮವಾಗಿ ಆ ಹೊತ್ತಿನಲ್ಲಿ ಸಿಂಧನೂರಿಗೆ ಹುಬ್ಬಳ್ಳಿ, ಬೆಂಗಳೂರುಗಳೊಂದಿಗೆ ಹಳಿಯ ಸಂಬಂಧ ಏರ್ಪಟ್ಟಿತ್ತೇ ಹೊರತು ತನ್ನದೇ ಜಿಲ್ಲಾ ಕೇಂದ್ರದೊಂದಿಗೆ ನೇರ ಸಂಬಂಧ ಏರ್ಪಟ್ಟಿರಲಿಲ್ಲ.

ಎರಡನೆಯದು 2013–14ರಲ್ಲಿ ಮಂಜೂರಾದ ಗದಗ–ವಾಡಿ ಮಾರ್ಗ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಮುಟ್ಟುವ ಈ ಯೋಜನೆಯನ್ನು 1905ರ ಪೂರ್ವದ ಲಿಂಗಸುಗೂರು ಜಿಲ್ಲೆಯ ನಕಾಶೆಯ ಮೇಲಿಟ್ಟು ನೋಡಿದರೆ, ಆ ಜಿಲ್ಲೆಯ ಊರುಗಳನ್ನೇ ಪೋಣಿಸಿದಂತೆ ಕಾಣುತ್ತದೆ. ತಳಕಲ್ಲಿನಿಂದ ಕುಷ್ಟಗಿಯವರೆಗಿನ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ರೈಲು ಸಂಚಾರ ಆರಂಭವಾಯಿತು. ಅಲ್ಲಿಂದ ಮುಂದೆ ಲಿಂಗಸುಗೂರಿನ ಸರದಿ. ಸಿಂಧನೂರು–ಲಿಂಗಸುಗೂರು ರಸ್ತೆಯ ನಡುವಿರುವ ಮಸ್ಕಿಯು, 2018ರಲ್ಲಿ ಪ್ರತ್ಯೇಕ ತಾಲ್ಲೂಕಾದರೂ, ಈ ಎರಡು ಯೋಜನೆಗಳ ನಡುವಿನ ಊರಾಗಿ ನಿಂತಿದೆ.

8. ಹಳಿ ಮತ್ತು ಅಭ್ಯುದಯ: ಒಂದು ಆಕ್ಷೇಪ

ರೈಲು ಬಂದಿದ್ದರೆ ಒಳನಾಡು ಮುಂದುವರಿಯುತ್ತಿತ್ತು ಎಂಬ ಸರಳ ತೀರ್ಮಾನಕ್ಕೆ ಬರುವಂತಿಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು; ಸಿಂಧನೂರು, ಲಿಂಗಸುಗೂರುಗಳು ಆ ಪಟ್ಟಿಯಲ್ಲಿದ್ದವು. ಇದು ಹಳಿಯಿಲ್ಲದ ಊರುಗಳ ಸ್ಥಿತಿ. ಆದರೆ 2005ರ ಕರ್ನಾಟಕ ಮಾನವ ಅಭಿವೃದ್ಧಿ ವರದಿಯಲ್ಲಿ, 2001ರ ಅಂಕಿಅಂಶಗಳಂತೆ, 27 ಜಿಲ್ಲೆಗಳಲ್ಲಿ ಕಟ್ಟಕಡೆಯ ಸ್ಥಾನ ರಾಯಚೂರು ಜಿಲ್ಲೆಯದು. ಜಿಲ್ಲಾ ಕೇಂದ್ರದಲ್ಲಿ ಆಗಲೇ 130 ವರ್ಷಗಳಿಂದ ಮುಂಬಯಿ–ಮದರಾಸು ರೈಲುಗಳು ನಿಂತು ಹೋಗುತ್ತಿದ್ದವು.

ಈ ವಿರೋಧಾಭಾಸವು ಮೇಲಿನ ವಿವೇಚನೆಯನ್ನು ಅಲ್ಲಗಳೆಯುವುದಿಲ್ಲ, ಸ್ಪಷ್ಟಗೊಳಿಸುತ್ತದೆ. ಹಾಯ್ದುಹೋಗುವ ಹಳಿ ಬೇರೆ, ನಾಡನ್ನು ಹೆಣೆಯುವ ಹಳಿ ಬೇರೆ. ಮೊದಲನೆಯದಕ್ಕೆ ನಿಲ್ದಾಣವೊಂದು ನೀರು ತುಂಬಿಸಿಕೊಳ್ಳುವ, ಇಂಜಿನ್ನು ಬದಲಿಸುವ ಜಾಗ. ಎರಡನೆಯದಕ್ಕೆ ಅದು ಸುತ್ತಲಿನ ಪೇಟೆ, ಗಣಿ, ಗದ್ದೆ, ಶಾಲೆಗಳ ಕೂಡುತಾಣ. ರಾಯಚೂರಿಗೆ ದೊರೆತದ್ದು ಮೊದಲನೆಯದು. ಒಳನಾಡಿನಿಂದ ಅದನ್ನು ಕೂಡುವ ಕವಲುಗಳು ಇಲ್ಲದಿದ್ದುದರಿಂದ ರಾಯಚೂರಿಗೂ ಅದರ ಪೂರ್ಣ ಫಲ ದೊರೆಯಲಿಲ್ಲ. ಹಳಿಯ ಅಭಾವವು ಸಿಂಧನೂರು, ಲಿಂಗಸುಗೂರುಗಳ ನಷ್ಟ ಮಾತ್ರವಲ್ಲ, ಹಳಿಯಿದ್ದ ಊರಿನ ನಷ್ಟವೂ ಹೌದು.

9. ಕನ್ನಡ ಸಂಶೋಧನೆಯ ಮುಂದಿರುವ ಕೆಲಸ

ರೈಲು ಚರಿತ್ರೆಯನ್ನು ಇದುವರೆಗೆ ಬಹುತೇಕ ಇಂಗ್ಲಿಷಿನಲ್ಲಿ, ಕಂಪನಿಗಳ ವರದಿಗಳ ಆಧಾರದ ಮೇಲೆ, ಹಳಿ ಇರುವ ಕಡೆಯಿಂದ ಬರೆಯಲಾಗಿದೆ. ಹೈದರಾಬಾದು ಸಂಸ್ಥಾನದ ದಾಖಲೆಗಳು ಪಾರಸಿ ಮತ್ತು ಉರ್ದುಗಳಲ್ಲಿವೆ. ಕನ್ನಡದಲ್ಲಿ ಉಳಿದಿರುವುದು ಜನರ ಮಾತು: ಹೊಗೆಬಂಡಿ, ಉಗಿಬಂಡಿ, ಟೇಸನ್ನು, ಕಂಬಿ ಮುಂತಾದ ಪದಗಳು, ಬಂಡಿ ಕಟ್ಟಿಕೊಂಡು ರಾಯಚೂರಿಗೆ ಹತ್ತಿ ಒಯ್ದವರ, ಮಂತ್ರಾಲಯಕ್ಕೋ ಪಂಢರಪುರಕ್ಕೋ ಹೊರಟವರ, ಬರದಲ್ಲಿ ಗುಳೆ ಹೋದವರ ನೆನಪುಗಳು. ರೈಲು ಇಲ್ಲದ ಊರಿನವರಿಗೂ ರೈಲಿನ ಅನುಭವವಿತ್ತು. ಅದು ನಿಲ್ದಾಣದವರೆಗಿನ ದಾರಿಯ ಅನುಭವ. ಜಾನಪದ, ಸ್ಥಳನಾಮ ಹಾಗೂ ಆಡುಮಾತಿನ ಅಧ್ಯಯನಗಳು ಈ ದಾರಿಯನ್ನು ಇನ್ನೂ ಹಿಡಿಯಬೇಕಾಗಿದೆ. ಗುಂತಕಲ್ಲಿನಲ್ಲಿ ಮೂಟೆ ಇಳಿಸಿ ಏರಿಸಿದ ಹಮಾಲರ ಮಾತು, ಕ್ಯಾಂಪುಗಳ ತೆಲುಗು ಮತ್ತು ಬಂಗಾಳಿಗಳ ಜೊತೆ ಬೆರೆತ ಸಿಂಧನೂರಿನ ಪೇಟೆಯ ಕನ್ನಡ, ಹಟ್ಟಿಯ ಗಣಿಕಾರ್ಮಿಕರ ಪದಸಂಪತ್ತು ಇವು ಸಾರಿಗೆ ಚರಿತ್ರೆಗೂ ಭಾಷಾಚರಿತ್ರೆಗೂ ಸಮಾನವಾದ ಆಕರಗಳು.

ಒಟ್ಟಾರೆಯಾಗಿ ಹೇಳುವುದಾದರೆ, ಎಡೆದೊರೆ ನಾಡಿನ ಒಳಭಾಗಕ್ಕೆ ರೈಲು ತಡವಾಗಿ ಬಂದದ್ದು ಆಕಸ್ಮಿಕವಲ್ಲ. ಬಂದರುಗಳನ್ನು ಜೋಡಿಸುವ ವಸಾಹತುಶಾಹಿ ಉದ್ದೇಶ, ಬರದ ಭಯದಿಂದ ಹುಟ್ಟಿದ ಬೇರೆ ಅಳತೆಯ ಹಳಿ, ಹೈದರಾಬಾದನ್ನು ಕೇಂದ್ರವಾಗಿಸಿಕೊಂಡ ಸಂಸ್ಥಾನದ ನೀತಿ, ಏಕೀಕರಣದ ನಂತರವೂ ಉಳಿದ ವಲಯಗಳ ಎಲ್ಲೆ ಈ ನಾಲ್ಕೂ ಸೇರಿ ಒಂದು ವರ್ತುಲವನ್ನು ನಿರ್ಮಿಸಿದವು. ಸಿಂಧನೂರು ಮತ್ತು ಕುಷ್ಟಗಿಗಳಲ್ಲಿ ಆ ವರ್ತುಲ ಈಗ ಒಡೆದಿದೆ. ಹೊಸ ಹಳಿಗಳು ಸಿಂಧನೂರಿನ ಅಕ್ಕಿಯನ್ನೂ ದುಡಿಯುವ ಕೈಗಳನ್ನೂ ಹೊರಗೆ ಒಯ್ಯುವ ದಾರಿಗಳು ಮಾತ್ರ ಆಗುತ್ತವೆಯೋ, ಅಥವಾ ಲಿಂಗಸುಗೂರು, ಮಸ್ಕಿ, ಸಿಂಧನೂರು, ರಾಯಚೂರುಗಳನ್ನು ಒಂದಕ್ಕೊಂದು ಹೆಣೆಯುತ್ತವೆಯೋ ಎಂಬುದನ್ನು ಮುಂದಿನ ದಶಕಗಳ ಕ್ಷೇತ್ರಕಾರ್ಯವು ದಾಖಲಿಸಬೇಕಾಗಿದೆ. ಹಳಿ ಇಲ್ಲದ ಕಾಲವನ್ನು ಕಂಡವರು ಬದುಕಿರುವಾಗಲೇ ಆ ಕೆಲಸ ಆರಂಭವಾಗುವುದು ಅಗತ್ಯ.